ಪುಟಕ್ಕೆ ಸ್ವಭಾವವಿದೆಯೇ?

1991ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಿಂದ ಟಿಮ್ ಬರ್ನರ್ಸ್-ಲೀ ಮೊದಲ ವೆಬ್ ತಾಣವನ್ನು ಲೋಕಕ್ಕೆ ತೆರೆದಿಟ್ಟಾಗಲೇ ಅದಕ್ಕೆ ಎರಡು ಮುಖಗಳಿದ್ದವು. ಅವರ ಮೇಜಿನ ಮೇಲಿದ್ದ ನೆಕ್ಸ್ಟ್ ಕಂಪ್ಯೂಟರಿನಲ್ಲಿ ಅದು ಕಿಟಕಿಯೊಳಗೆ ತೆರೆದುಕೊಳ್ಳುವ, ದಪ್ಪ ಅಕ್ಷರ ಸಣ್ಣ ಅಕ್ಷರಗಳಿರುವ, ಮೌಸ್ ಒತ್ತಿದರೆ ಇನ್ನೊಂದೆಡೆಗೆ ಕರೆದೊಯ್ಯುವ ಪುಟ. ಗಣಿತದ ವಿದ್ಯಾರ್ಥಿನಿಯಾಗಿದ್ದ ನಿಕೋಲಾ ಪೆಲೋ ಬರೆದ ಇನ್ನೊಂದು ಬ್ರೌಸರಿನಲ್ಲಿ ಅದೇ ಬರಹ ಬರೀ ಸಾಲು ಸಾಲಾಗಿ ಇಳಿಯುವ ಅಕ್ಷರ. ಕೊಂಡಿಗಳ ಪಕ್ಕದಲ್ಲಿ ಒಂದೊಂದು ಸಂಖ್ಯೆ. ಬೇಕಾದ ಸಂಖ್ಯೆಯನ್ನು ಟೈಪು ಮಾಡಿದರೆ ಮುಂದಿನ ಪುಟ. ಬಣ್ಣವಿಲ್ಲ, ಚಿತ್ರವಿಲ್ಲ, ಮೌಸಿನ ಅಗತ್ಯವೂ ಇಲ್ಲ. ಹಳೆಯ ಟರ್ಮಿನಲ್ ಬಿಟ್ಟು ಬೇರೇನೂ ಇಲ್ಲದವರಿಗೂ ಓದಲು ಸಿಗಬೇಕು ಎಂಬುದಷ್ಟೇ ಅದರ ಉದ್ದೇಶ. ಇವೆರಡರಲ್ಲಿ ನಿಜವಾದ ಪುಟ ಯಾವುದು? ಒಂದನ್ನು ಮೂಲ, ಇನ್ನೊಂದನ್ನು ಬಡ ನಕಲು ಎನ್ನಲು ಏನಾದರೂ ಆಧಾರವಿದೆಯೇ? ಮುಂದಿನ ಮೂವತ್ತು ವರ್ಷ ವೆಬ್ ವಿನ್ಯಾಸಕಾರರು, ತಂತ್ರಜ್ಞರು, ಕಡೆಗೆ ನ್ಯಾಯಪೀಠಗಳು ಕೂಡ ಈ ಪ್ರಶ್ನೆಯನ್ನು ಬೇರೆ ಬೇರೆ ಹೆಸರಿನಲ್ಲಿ ಚರ್ಚಿಸಿದ್ದಾರೆ. ತಾಂತ್ರಿಕ ಪರಿಭಾಷೆಯನ್ನು ಬದಿಗಿಟ್ಟರೆ ಇದು ನಮ್ಮ ದರ್ಶನಗಳು ಬಹಳ ಹಿಂದೆಯೇ ಕೇಳಿದ ಪ್ರಶ್ನೆ: ಬೇರೆ ಯಾವುದನ್ನೂ ಆಶ್ರಯಿಸದ, ತನ್ನದೇ ಆದ ರೂಪವೊಂದು ವಸ್ತುವಿಗೆ ಇದೆಯೇ?

ಇಲ್ಲ ಎಂದವನು ನಾಗಾರ್ಜುನ. ಸುಮಾರು ಎರಡು-ಮೂರನೆಯ ಶತಮಾನದ ಈ ಬೌದ್ಧ ದಾರ್ಶನಿಕ ತನ್ನ ಮೂಲಮಧ್ಯಮಕಕಾರಿಕೆಯ 27 ಪ್ರಕರಣಗಳಲ್ಲಿ ಒಂದೊಂದೇ ಸಂಗತಿಯನ್ನು ಎತ್ತಿಕೊಂಡು, ಅದಕ್ಕೆ ಸ್ವಭಾವ, ಅಂದರೆ ಪರಾಧೀನವಲ್ಲದ ಇರವು, ಇರುವುದು ಸಾಧ್ಯವೇ ಎಂದು ಪರೀಕ್ಷಿಸುತ್ತಾನೆ. ಪ್ರತಿ ಸಲವೂ ಸಾಧ್ಯವಿಲ್ಲವೆಂದು ಕಾಣುತ್ತದೆ. ಯಾವುದು ಹುಟ್ಟುತ್ತದೋ ಅದು ಕಾರಣಗಳನ್ನೂ ಸಂದರ್ಭಗಳನ್ನೂ ಅವಲಂಬಿಸಿ ಹುಟ್ಟುತ್ತದೆ. ಹೀಗೆ ಅವಲಂಬಿಸಿ ಹುಟ್ಟುವುದಕ್ಕೇ ಅವನು ಶೂನ್ಯತೆ ಎಂಬ ಹೆಸರು ಕೊಟ್ಟ. ಶೂನ್ಯ ಎಂದೊಡನೆ ಕನ್ನಡದ ಓದುಗರಿಗೆ ಅಲ್ಲಮನೂ ಶೂನ್ಯಸಂಪಾದನೆಯೂ ನೆನಪಾಗುವುದು ಸಹಜ. ಆದರೆ ಶರಣರ ಶೂನ್ಯ ಅನುಭಾವದ ನೆಲೆ, ನಾಗಾರ್ಜುನನದು ತರ್ಕದ ಹಾದಿ. ಎರಡನ್ನೂ ಕಲಸಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ. ದುಃಖದಿಂದ ಬಿಡುಗಡೆಯನ್ನು ಅರಸಿದ ಶಾಸ್ತ್ರವನ್ನು ಕಂಪ್ಯೂಟರ್ ಪರದೆಯ ಮಟ್ಟಕ್ಕೆ ಎಳೆಯುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ನಡೆಯುವವನಿಗೂ ನಡಿಗೆಗೂ ಏನು ಸಂಬಂಧ, ಬೆಂಕಿಗೂ ಕಟ್ಟಿಗೆಗೂ ಏನು ಸಂಬಂಧ ಎಂಬ ದಿನನಿತ್ಯದ ಸಂಗತಿಗಳಿಗೇ ಪೂರಾ ಪ್ರಕರಣಗಳನ್ನು ಮೀಸಲಿಟ್ಟವನು ನಾಗಾರ್ಜುನ. ನಾವು ಎಚ್ಚರವಾಗಿರುವ ಹೊತ್ತಿನ ಬಹುಪಾಲನ್ನು ಕಳೆಯುವ ಜಾಗವನ್ನು ಆ ಪರೀಕ್ಷೆಯಿಂದ ಹೊರಗಿಡಲು ಕಾರಣ ಕಾಣುವುದಿಲ್ಲ. ನನ್ನ ವಾದ ಇಷ್ಟು: ವೆಬ್ ಪುಟಕ್ಕೆ ಸ್ವಭಾವವಿಲ್ಲ, ಈ ಮಾಧ್ಯಮದ ಇತಿಹಾಸದಲ್ಲಿ ಸ್ವಭಾವವನ್ನು ಹೇರಲು ಹೊರಟ ವಿನ್ಯಾಸ ಪ್ರತಿ ಸಲವೂ ಸೋತಿದೆ, ಸೋಲುವ ಮುನ್ನ ಯಾರನ್ನೋ ಹೊರಗಿಟ್ಟಿದೆ, ಸ್ವಭಾವವಿಲ್ಲದ್ದನ್ನು ಒಪ್ಪಿಕೊಂಡ ವಿನ್ಯಾಸವೇ ಉಳಿದಿದೆ.

ಮೊದಲ ದಶಕವನ್ನೇ ನೋಡಿ. 1993ರಲ್ಲಿ ಮೊಸಾಯಿಕ್ ಬ್ರೌಸರ್ ಬರಹದ ನಡುವೆಯೇ ಚಿತ್ರ ತೋರಿಸತೊಡಗಿತು. ಮರುವರ್ಷ ನೆಟ್‌ಸ್ಕೇಪ್ ಬಂತು. ಅಕ್ಷರಕ್ಕೆ ಬಣ್ಣ ಹಚ್ಚುವ, ನಡುವಿಗೆ ತರುವ, ಮಿಣುಕಿಸುವ ಗುರುತುಗಳು ಒಂದೊಂದಾಗಿ ಸೇರಿದವು. ಅಚ್ಚಿನ ಲೋಕದಿಂದ ಬಂದ ವಿನ್ಯಾಸಕಾರರಿಗೆ ಪುಟವೆಂದರೆ ಅಳತೆ ಗೊತ್ತಿರುವ ಕಾಗದ. ಅದರ ಅಂಚು ಎಲ್ಲಿದೆ, ಅಕ್ಷರ ಎಷ್ಟು ದೊಡ್ಡದು, ಸಾಲು ಎಲ್ಲಿ ಮುರಿಯಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಅದೇ ಹಿಡಿತ ಪರದೆಯ ಮೇಲೂ ಬೇಕೆನಿಸಿತು. ಅಂಕಿಅಂಶಗಳನ್ನು ಜೋಡಿಸಲೆಂದು ಇದ್ದ ಕೋಷ್ಟಕಗಳನ್ನು ಅಡಿಪಾಯವಾಗಿ ಬಳಸಿ, ಒಂದೇ ಪಿಕ್ಸೆಲ್ ಗಾತ್ರದ ಕಣ್ಣಿಗೆ ಕಾಣದ ಚಿತ್ರವನ್ನು ಬೇಕಾದಷ್ಟು ಹಿಗ್ಗಿಸಿ ಖಾಲಿ ಜಾಗ ತುಂಬಿ, ಇಡೀ ಪುಟವನ್ನು ಅಲುಗದಂತೆ ಕಟ್ಟಿಹಾಕಲಾಯಿತು. ಈ ತಂತ್ರಗಳನ್ನು 1996ರ ತಮ್ಮ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದ ಡೇವಿಡ್ ಸೀಗಲ್, ವರ್ಷ ಕಳೆಯುವುದರೊಳಗೆ ವೆಬ್ಬನ್ನು ಕೆಡಿಸಿದ ಹೊಣೆಯನ್ನು ತಮ್ಮ ಮೇಲೇ ಹಾಕಿಕೊಂಡು ಲೇಖನ ಬರೆದರು. ಆ ಕಾಲದ ತಾಣಗಳ ಕೆಳಗೆ, ಇಂಥ ಬ್ರೌಸರಿನಲ್ಲಿ, ಇಷ್ಟು ಅಗಲದ ಪರದೆಯಲ್ಲಿ ನೋಡಿದರೆ ಚೆನ್ನ ಎಂಬ ಸೂಚನೆ ಸಾಮಾನ್ಯವಾಗಿತ್ತು. ಆ ಸೂಚನೆಯೇ ವಾದದ ಸೋಲನ್ನು ಒಪ್ಪಿಕೊಂಡಂತಿತ್ತು. ರೂಪ ಪುಟದೊಳಗೇ ಇದ್ದಿದ್ದರೆ ಹೊರಗಿನ ಇಷ್ಟೊಂದು ಷರತ್ತುಗಳನ್ನು ಬೇಡಬೇಕಾಗಿ ಬರುತ್ತಿರಲಿಲ್ಲ.

ರೂಪದ ಮೇಲಿನ ಈ ಹಟ ತನ್ನ ತುದಿ ಮುಟ್ಟಿದ್ದು ಫ್ಲ್ಯಾಶ್ ತಂತ್ರಜ್ಞಾನದಲ್ಲಿ. 1996ರ ಕೊನೆಯಲ್ಲಿ ಮ್ಯಾಕ್ರೋಮೀಡಿಯಾ ಸಂಸ್ಥೆಯ ಕೈಸೇರಿದ ಅದು ವಿನ್ಯಾಸಕಾರನಿಗೆ ಪೂರ್ಣ ಅಧಿಕಾರ ಕೊಟ್ಟಿತು: ಅಕ್ಷರದ ಅಚ್ಚು, ಚಲನೆ, ಸದ್ದು, ಗುಂಡಿಯ ಆಕಾರ ಎಲ್ಲವೂ ಅವನು ಅಂದುಕೊಂಡಂತೆಯೇ. ಅದರಲ್ಲಿ ನಿಜವಾದ ಕಲೆಯೂ ಹುಟ್ಟಿತು. ಅದನ್ನು ಮರೆತು ಫ್ಲ್ಯಾಶನ್ನು ಹೀಗಳೆಯುವುದು ತಪ್ಪು. ಆದರೆ ಅದು ತಾನು ಬೇಡುವ ಒಂದೇ ಪ್ಲಗಿನ್ ಇರುವ ಕಡೆ ಮಾತ್ರ ಬದುಕಬಲ್ಲದ್ದಾಗಿತ್ತು. ಆಪಲ್ ತನ್ನ ಫೋನಿನೊಳಗೆ ಅದನ್ನು ಬಿಟ್ಟುಕೊಳ್ಳಲಿಲ್ಲ; 2020ರ ಡಿಸೆಂಬರ್ 31ಕ್ಕೆ, ಆ ಹೊತ್ತಿಗೆ ಅದರ ಒಡೆತನ ಪಡೆದಿದ್ದ ಅಡೋಬಿ ಸಂಸ್ಥೆಯೇ ಬೆಂಬಲ ನಿಲ್ಲಿಸಿತು. ಇಂದು ಆ ಕೃತಿಗಳನ್ನು ನೋಡಬೇಕೆಂದರೆ ಇಂಟರ್ನೆಟ್ ಆರ್ಕೈವ್‌ನಂಥ ಸಂಸ್ಥೆಗಳು ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದ ಮೂಲಕ ಅವಕ್ಕೆ ಜೀವ ಕೊಡಬೇಕು. ಇತ್ತ ಸರ್ನ್ 2013ರಲ್ಲಿ ಮತ್ತೆ ಅದರ ಹಳೆಯ ವಿಳಾಸದಲ್ಲೇ ನಿಲ್ಲಿಸಿದ ತೊಂಬತ್ತರ ದಶಕದ ಆದಿಯ ಮೊದಲ ತಾಣ, ಯಾವ ತಿದ್ದುಪಡಿಯೂ ಇಲ್ಲದೆ ಇವತ್ತಿನ ಫೋನಿನಲ್ಲಿ ಓದಲು ಬರುತ್ತದೆ. ಅದನ್ನು ಬರೆದಾಗ ಅಂಥ ಫೋನಿನ ಕಲ್ಪನೆ ಕೂಡ ಇರಲಿಲ್ಲ. ಸ್ವಭಾವವಿರುವ ವಸ್ತು ಬದಲಾಗಲಾರದು, ಬದಲಾಗಲಾರದ್ದು ಯಾವ ಹೊಸ ಸಂಬಂಧಕ್ಕೂ ಒಡ್ಡಿಕೊಳ್ಳಲಾರದು ಎಂಬುದು ನಾಗಾರ್ಜುನನ ವಾದದ ತಿರುಳು. ಇಪ್ಪತ್ತೈದು ವರ್ಷಗಳ ಅವಧಿಯಲ್ಲಿ ಆ ವಾದವನ್ನು ಇಷ್ಟು ಸ್ಪಷ್ಟವಾಗಿ ಕಣ್ಣೆದುರು ನಡೆಸಿ ತೋರಿಸಿದ ಇನ್ನೊಂದು ಉದಾಹರಣೆ ನನಗೆ ಹೊಳೆಯುವುದಿಲ್ಲ.

ಕನ್ನಡಿಗರ ಪಾಲಿಗೆ ಇದು ದೂರದ ಚರ್ಚೆಯಾಗಿರಲಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕಂಪ್ಯೂಟರಿನಲ್ಲಿ ಕನ್ನಡ ಎಂದರೆ ಕನ್ನಡದ ಆಕಾರ ಮಾತ್ರ. ಬರಹ, ನುಡಿ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಆಗಿನ ಫಾಂಟುಗಳು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು: ಇಲ್ಲೊಂದು ತಲೆಕಟ್ಟು, ಅಲ್ಲೊಂದು ಕೊಂಬು, ಮತ್ತೊಂದು ಕಡೆ ಒತ್ತು. ಕಂಪ್ಯೂಟರಿನ ನೆನಪಿನಲ್ಲಿ ಕನ್ನಡವೆಂಬುದೇ ಇರಲಿಲ್ಲ. ಇದ್ದದ್ದು ವಿದೇಶಿ ಅಕ್ಷರಗಳ ಸಾಲು, ಮೇಲೆ ಕನ್ನಡದ ಮುಖವಾಡ. ಓದುವವನ ಬಳಿ ಅದೇ ಫಾಂಟ್ ಇಲ್ಲದಿದ್ದರೆ ಮುಖವಾಡ ಕಳಚಿ ಬಿದ್ದು ಅರ್ಥವಿಲ್ಲದ ಚಿಹ್ನೆಗಳ ರಾಶಿ ಉಳಿಯುತ್ತಿತ್ತು. ಒಂದು ತಂತ್ರಾಂಶದಲ್ಲಿ ಟೈಪು ಮಾಡಿದ್ದನ್ನು ಇನ್ನೊಂದರಲ್ಲಿ ತೆರೆಯಬೇಕಾದರೆ ಪರಿವರ್ತಕ ಬೇಕಿತ್ತು. ಹುಡುಕಾಟದ ಯಂತ್ರಕ್ಕೆ ಬಸವಣ್ಣ ಎಂದು ಕೊಟ್ಟರೆ ಏನೂ ಸಿಗುತ್ತಿರಲಿಲ್ಲ, ಯಾಕೆಂದರೆ ಕಡತದೊಳಗೆ ಆ ಹೆಸರೇ ಇರಲಿಲ್ಲ, ಅದರ ಚಿತ್ರವಷ್ಟೇ ಇತ್ತು. ದೃಷ್ಟಿಯಿಲ್ಲದವರಿಗೆ ಓದಿ ಹೇಳುವ ತಂತ್ರಾಂಶಕ್ಕಂತೂ ಅದರಿಂದ ಒಂದಕ್ಷರವೂ ದಕ್ಕುವಂತಿರಲಿಲ್ಲ.

ಯೂನಿಕೋಡ್ ಈ ಗಂಟನ್ನು ಬಿಚ್ಚಿತು. ಅದರಲ್ಲಿ ಕ್ಷ ಎಂಬ ಆಕಾರಕ್ಕೆ ಬೇರೆ ಜಾಗವೇ ಇಲ್ಲ. ಕ, ಹಲಂತ, ಷ ಎಂಬ ಮೂರು ಸಂಕೇತಗಳು ಸಾಲಾಗಿ ನಿಂತಿರುತ್ತವೆ. ಅವು ಯಾವ ಆಕಾರವನ್ನೂ ಹೊತ್ತಿರುವುದಿಲ್ಲ. ಅಕ್ಷರವನ್ನು ಜೋಡಿಸುವ ತಂತ್ರಾಂಶ, ಓದುವವನ ಸಾಧನದಲ್ಲಿರುವ ಫಾಂಟ್, ಪರದೆಯ ಗಾತ್ರ ಎಲ್ಲ ಕೂಡಿದಾಗ ಮಾತ್ರ ನಮಗೆ ಪರಿಚಿತವಾದ ದುಂಡು ಅಕ್ಷರ ಮೂಡುತ್ತದೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಫಾಂಟಿನೊಡನೆ ಬಂದಾಗ ಸಾಮಾನ್ಯ ಬಳಕೆದಾರರಿಗೂ ಇದು ಎಟುಕಿತು. ಫೋನುಗಳಲ್ಲಿ ಬಿಳಿ ಚೌಕಗಳ ಬದಲು ಕನ್ನಡ ಕಾಣಲು ಇನ್ನಷ್ಟು ವರ್ಷ ಹಿಡಿಯಿತು. ಆಕಾರವನ್ನು ಬಿಟ್ಟುಕೊಟ್ಟ ಮೇಲೆ ಕನ್ನಡ ಕಳೆದುಹೋಗಲಿಲ್ಲ. ಹುಡುಕಲು ಸಿಕ್ಕಿತು, ದೊಡ್ಡದು ಮಾಡಲು ಬಂತು, ದನಿಯಾಯಿತು, ಬ್ರೈಲ್ ಆಯಿತು. ಹಲ್ಮಿಡಿ ಶಾಸನದ ಅಕ್ಷರಗಳನ್ನು ಇಂದಿನ ಓದುಗ ಗುರುತಿಸಲಾರ, ಆದರೂ ಅದು ಕನ್ನಡವೇ. ಲಿಪಿಯ ಆಕೃತಿ ಕಲ್ಲು, ಓಲೆಗರಿ, ಅಚ್ಚಿನ ಮೊಳೆಗಳನ್ನು ದಾಟಿ ಬರುವಾಗ ಬದಲಾಗುತ್ತಲೇ ಬಂದಿದೆ. ನಾಡು ಸಾವಿರಾರು ವರ್ಷಗಳಲ್ಲಿ ಕಂಡಿದ್ದನ್ನು ಸಂಕೇತವ್ಯವಸ್ಥೆ ಒಂದು ತಾಂತ್ರಿಕ ನಿಯಮವಾಗಿ ಬರೆದಿಟ್ಟಿತು, ಅಷ್ಟೇ.

ರೂಪವನ್ನು ಹೀಗೆ ಸಂಬಂಧಗಳ ಫಲವೆಂದು ಒಪ್ಪಿಕೊಂಡ ಚಿಂತನೆ ವೆಬ್ಬಿನೊಳಗೂ ಮೊದಲಿನಿಂದಲೇ ಇತ್ತು. 1994ರ ಅಕ್ಟೋಬರ್ 10ರಂದು, ಆಗ ಸರ್ನ್‌ನಲ್ಲಿದ್ದ ನಾರ್ವೆಯ ಹೋಕನ್ ವಿಯುಮ್ ಲೀ, ಪುಟದ ಬರಹವನ್ನೂ ಅದರ ತೋರಿಕೆಯನ್ನೂ ಬೇರ್ಪಡಿಸುವ ಪ್ರಸ್ತಾಪವೊಂದನ್ನು ಪ್ರಕಟಿಸಿದರು. ನಾವು ಇಂದು ಸಿಎಸ್‌ಎಸ್ ಎನ್ನುವುದು ಅದರಿಂದ ಬೆಳೆದದ್ದು. ಅದರಲ್ಲಿದ್ದ ಹೊಸತನವೆಂದರೆ ತೋರಿಕೆಯ ಬಗ್ಗೆ ಬರೆದವನಿಗೆ ಮಾತ್ರವಲ್ಲ, ಓದುವವನಿಗೂ ಹಕ್ಕಿತ್ತು. ಇಬ್ಬರ ಇಚ್ಛೆಗಳೂ ಒಂದರ ಮೇಲೊಂದು ಹರಿದು ಕೊನೆಯ ರೂಪ ತೀರ್ಮಾನವಾಗಬೇಕಿತ್ತು. ಮೂಲ ಪ್ರಸ್ತಾಪದಲ್ಲಿ ಯಾರ ಪ್ರಭಾವ ಶೇಕಡಾ ಎಷ್ಟು ಎಂದು ನಮೂದಿಸುವ ಅವಕಾಶ ಕೂಡ ಇತ್ತು. ಇಬ್ಬರೂ ತಮ್ಮ ಮಾತೇ ಮುಖ್ಯ ಎಂದು ಪಟ್ಟು ಹಿಡಿದರೆ? 1996ರ ಮೊದಲ ಆವೃತ್ತಿಯಲ್ಲಿ ಬರೆದವನು ಗೆಲ್ಲುತ್ತಿದ್ದ. 1998ರ ಎರಡನೆಯ ಆವೃತ್ತಿಯಲ್ಲಿ ಅದನ್ನು ತಿರುಗಿಸಲಾಯಿತು. ಓದುವವನ ಮಾತೇ ಕೊನೆಯ ಮಾತಾಯಿತು. ದೊಡ್ಡ ಅಕ್ಷರವಿಲ್ಲದೆ ಓದಲಾಗದವನಿಗೆ ವಿನ್ಯಾಸಕಾರನ ರುಚಿ ಅಡ್ಡ ಬರಬಾರದು ಎಂಬುದು ಕಾರಣ. ಒಣ ನಿಯಮಾವಳಿಯ ಮೂಲೆಯೊಂದರಲ್ಲಿರುವ ಈ ಬದಲಾವಣೆ, ವೆಬ್ಬಿನ ಇತಿಹಾಸದಲ್ಲಿ ನಡೆದ ಬಹು ಮುಖ್ಯವಾದ ನೈತಿಕ ತೀರ್ಮಾನಗಳಲ್ಲಿ ಒಂದು ಎಂದು ನಾನು ನಂಬಿದ್ದೇನೆ.

2000ದ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಜಾನ್ ಆಲ್‌ಸಪ್ ಬರೆದ ಪ್ರಬಂಧ ಇದೇ ಮಾತನ್ನು ಚೀನಾದ ದಾವ್ ದರ್ಶನದ ಮೂಲಕ ಹೇಳಿತು. ಅಚ್ಚಿನಿಂದ ತಂದ ಹಿಡಿತವನ್ನು ಕೈಬಿಡಿ, ಅದು ಕಾಗದದ ಮಿತಿಯಿಂದ ಹುಟ್ಟಿದ್ದೇ ಹೊರತು ಶಕ್ತಿಯಿಂದ ಹುಟ್ಟಿದ್ದಲ್ಲ ಎಂಬುದು ಅವರ ನಿಲುವು. 2003ರಲ್ಲಿ ಕೆನಡಾದ ಡೇವ್ ಶೇ ಸಿಎಸ್‌ಎಸ್ ಜೆನ್ ಗಾರ್ಡನ್ ಎಂಬ ತಾಣ ತೆರೆದು ಒಂದೇ ಬರಹವನ್ನು ಮುಂದಿಟ್ಟರು. ಅದರ ಒಂದಕ್ಷರವನ್ನೂ ಮುಟ್ಟದೆ, ತೋರಿಕೆಯ ನಿಯಮಗಳನ್ನಷ್ಟೇ ಬದಲಿಸಿ ಜಗತ್ತಿನ ವಿನ್ಯಾಸಕಾರರು 200ಕ್ಕೂ ಹೆಚ್ಚು ಬೇರೆ ಬೇರೆ ಪುಟಗಳನ್ನು ಕಟ್ಟಿದರು. ಜೆನ್ ಎಂಬ ಹೆಸರು ಅಲ್ಲಿ ಅಲಂಕಾರಕ್ಕೆ ಬಂದಿದ್ದಿರಬಹುದು, ಆದರೂ ತಾಣ ಮಾಡಿ ತೋರಿಸಿದ್ದು ಬೌದ್ಧರ ತರ್ಕವನ್ನೇ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಎದುರಾಗುತ್ತದೆ. ಅರ್ಥ ಒಳಗಿನದು, ರೂಪ ಹೊರಗಿನ ಬಟ್ಟೆ ಎಂಬ ಈ ವಿಭಜನೆಯೇ ಸುಳ್ಳಲ್ಲವೇ? ಕವಿತೆಯ ಸಾಲು ಎಲ್ಲಿ ಮುರಿಯುತ್ತದೆ ಎಂಬುದು ಕವಿತೆಯ ಭಾಗ. ನಕ್ಷೆಯಲ್ಲಿ ದೂರವೇ ಅರ್ಥ. ಶೋಕಪತ್ರವನ್ನು ಮದುವೆಯ ಕರೆಯೋಲೆಯ ಅಕ್ಷರದಲ್ಲಿ ಅಚ್ಚು ಹಾಕಿದರೆ ಅದು ಶೋಕಪತ್ರವಾಗಿ ಉಳಿಯುವುದಿಲ್ಲ. ಪುಟಕ್ಕೆ ಸ್ವಂತ ರೂಪವಿಲ್ಲ ಎಂದರೆ ವಿನ್ಯಾಸವೆಂಬ ಕಸುಬಿಗೇ ಬೆಲೆಯಿಲ್ಲ ಎಂದಂತಾಯಿತು. ಈ ಆಕ್ಷೇಪದ ಮೊದಲ ಅರ್ಧ ಪೂರ್ತಿ ಸರಿ. ಅದು ನನ್ನ ವಾದವನ್ನು ಬಲಪಡಿಸುತ್ತದೆ ಕೂಡ. ನಾಗಾರ್ಜುನನ ಪ್ರಕಾರ ಒಳಗಿನ ಅರ್ಥಕ್ಕೂ ಸ್ವಭಾವವಿಲ್ಲ. ರೂಪ ಅರ್ಥವನ್ನು, ಅರ್ಥ ರೂಪವನ್ನು, ಎರಡೂ ಓದುವವನನ್ನು ಅವಲಂಬಿಸಿ ನಿಂತಿವೆ. ರೂಪ ಅಳಿದ ಮೇಲೆ ಉಳಿಯುವ ಶುದ್ಧ ಸಾರವೊಂದನ್ನು ಅವನು ಎಲ್ಲೂ ಒಪ್ಪುವುದಿಲ್ಲ. ಆಕ್ಷೇಪದ ಎರಡನೆಯ ಅರ್ಧವನ್ನು ಅವನ ವಿರೋಧಿಗಳೇ ಕೇಳಿದ್ದರು. ಕಾರಿಕೆಯ 24ನೆಯ ಪ್ರಕರಣದಲ್ಲಿ ಎದುರುವಾದಿ, ಎಲ್ಲವೂ ಶೂನ್ಯವಾದರೆ ನಾಲ್ಕು ಆರ್ಯಸತ್ಯಗಳೂ ಇಲ್ಲ, ಸಂಘವೂ ಇಲ್ಲ, ಬುದ್ಧನೂ ಇಲ್ಲ ಎನ್ನುತ್ತಾನೆ. ನಾಗಾರ್ಜುನ ವಾದವನ್ನು ತಿರುಗಿಸಿ ಅವನ ಮೇಲೇ ಇಡುತ್ತಾನೆ: ದುಃಖಕ್ಕೆ ಸ್ವಭಾವವಿದ್ದರೆ ಅದನ್ನು ನಿಲ್ಲಿಸುವುದೇ ಆಗದು, ಸಾಧನೆಗೆ ಅರ್ಥವೇ ಇರದು; ಶೂನ್ಯತೆ ಇರುವಲ್ಲಿ ಮಾತ್ರ ಎಲ್ಲವೂ ಸಾಧ್ಯ. ವಿನ್ಯಾಸಕ್ಕೂ ಇದು ಹಾಗೆಯೇ ಹೊಂದುತ್ತದೆ. ಪುಟದ ರೂಪ ಮೊದಲೇ ನಿಶ್ಚಿತವಾಗಿದ್ದರೆ ವಿನ್ಯಾಸಕಾರನಿಗೆ ಮಾಡಲು ಉಳಿಯುವುದೇನು?

2010ರ ನಂತರ ನಡೆದದ್ದು ಇದಕ್ಕೆ ಸಾಕ್ಷಿ. 2007ರ ಐಫೋನ್ ದೊಡ್ಡ ಪರದೆಗೆಂದು ಕಟ್ಟಿದ ಪುಟಗಳನ್ನು 320 ಪಿಕ್ಸೆಲ್ ಅಗಲದ ಪರದೆಯೊಳಗೆ ಕುಗ್ಗಿಸಿ ತೋರಿಸುತ್ತಿತ್ತು, ಬೆರಳಿನಿಂದ ಹಿಗ್ಗಿಸಿ ಓದಬೇಕಿತ್ತು. ಫೋನಿಗೊಂದು, ಕಂಪ್ಯೂಟರಿಗೊಂದು ಎಂದು ಬೇರೆ ಬೇರೆ ತಾಣ ಕಟ್ಟುವ ಹಾದಿಯನ್ನು ಅನೇಕರು ಹಿಡಿದರು. ಈಥನ್ ಮಾರ್ಕೊಟ್ 2010ರ ಮೇ ತಿಂಗಳಲ್ಲಿ, ಆಲ್‌ಸಪ್ ಮಾತನ್ನೇ ಮುಂದಿಟ್ಟುಕೊಂಡು, ಬೇರೆ ದಾರಿ ತೋರಿಸಿದರು: ಅಳತೆಗಳನ್ನು ಪಿಕ್ಸೆಲ್‌ಗಳಲ್ಲಿ ನಿಗದಿ ಮಾಡದೆ ಅನುಪಾತದಲ್ಲಿ ಹೇಳಿ, ಚಿತ್ರಗಳು ಜಾಗಕ್ಕೆ ತಕ್ಕಂತೆ ಹಿಗ್ಗಿ ಕುಗ್ಗಲಿ, ಪರದೆಯ ಅಗಲವನ್ನು ಕೇಳಿ ತಿಳಿದು ಜೋಡಣೆ ಬದಲಾಗಲಿ. ಇದು ಸುಲಭದ ಕೆಲಸವಾಗಿರಲಿಲ್ಲ. ಒಂದು ಚಿತ್ರ ಬರೆಯುವುದಕ್ಕಿಂತ, ತಾನು ನೋಡದ ನೂರಾರು ಸನ್ನಿವೇಶಗಳಲ್ಲಿ ಹದಗೆಡದ ಸಂಬಂಧಗಳನ್ನು ರಚಿಸುವುದಕ್ಕೆ ಹೆಚ್ಚು ಕೌಶಲ ಬೇಕು. ವಿನ್ಯಾಸಕಾರ ತನ್ನ ಅಧಿಕಾರವನ್ನು ಇಳಿಸಿಕೊಂಡಷ್ಟೂ ಅವನ ಕಸುಬು ಮೇಲೇರಿತು.

ಹಿಡಿತಕ್ಕೆ ಅಂಟಿಕೊಂಡಾಗ ಆಗುವ ಹಾನಿ ಸೌಂದರ್ಯಶಾಸ್ತ್ರದ್ದಲ್ಲ, ಮನುಷ್ಯರದ್ದು. 2000ದ ಸಿಡ್ನಿ ಒಲಿಂಪಿಕ್ಸ್‌ನ ಅಧಿಕೃತ ತಾಣ ನೋಡಲು ಚೆನ್ನಾಗಿತ್ತು. ಆದರೆ ಅದರ ಚಿತ್ರಗಳಿಗೆ ಬರಹದ ವಿವರಣೆ ಇರಲಿಲ್ಲ. ಕ್ರೀಡೆಗಳ ಪಟ್ಟಿಗೂ ಫಲಿತಾಂಶದ ಕೋಷ್ಟಕಗಳಿಗೂ ದೃಷ್ಟಿಯಿಲ್ಲದವರು ತಲುಪುವಂತಿರಲಿಲ್ಲ. ಅಂಧ ವ್ಯಕ್ತಿಯೊಬ್ಬರು ದೂರು ಕೊಟ್ಟರು. ಸರಿಪಡಿಸುವುದು ದುಬಾರಿ ಎಂದು ಸಂಘಟಕರು ವಾದಿಸಿದರು. ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಆಯೋಗ ಅದನ್ನು ಒಪ್ಪದೆ, ಇದು ತಾರತಮ್ಯವೆಂದು ಆ ವರ್ಷದ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಎಲ್ಲರಿಗೂ ನಿಲುಕುವ ತಾಣ ಹೇಗಿರಬೇಕೆಂಬ ಮಾರ್ಗಸೂಚಿಗಳನ್ನು ವೆಬ್ಬಿನ ಮಾನದಂಡ ಸಂಸ್ಥೆ 1999ರಲ್ಲಿಯೇ ಪ್ರಕಟಿಸಿತ್ತು, ಹಾಗಾಗಿ ಗೊತ್ತಿರಲಿಲ್ಲ ಎನ್ನುವಂತೆಯೂ ಇರಲಿಲ್ಲ. ತನ್ನ ಕಣ್ಣಿಗೆ ಕಂಡ ರೂಪವೇ ಪುಟ ಎಂದು ನಂಬಿದವನಿಗೆ ಕಣ್ಣಿಲ್ಲದ ಓದುಗ ಓದುಗನೇ ಅಲ್ಲ. ಸ್ವಭಾವದ ಮೇಲಿನ ನಂಬಿಕೆ ಇಲ್ಲಿ ತಾತ್ತ್ವಿಕ ತಪ್ಪಾಗಿ ಮಾತ್ರ ಉಳಿಯದೆ ಕರುಣೆಯ ಕೊರತೆಯಾಗುತ್ತದೆ. ಮಹಾಯಾನದ ಆಚಾರ್ಯರು ಶೂನ್ಯತೆಯನ್ನೂ ಕರುಣೆಯನ್ನೂ ಜೊತೆಯಾಗಿಯೇ ಬೋಧಿಸಿದ್ದಕ್ಕೆ ಕಾರಣವಿದೆ.

ಈಗ ಇನ್ನೊಂದು ಆಕ್ಷೇಪ. ಮೊದಲಿನದಕ್ಕಿಂತ ಇದು ಕಠಿಣ. ಪುಟ ಓದುವವನನ್ನು ಅವಲಂಬಿಸಿ ರೂಪ ತಾಳಬೇಕು ಎಂಬುದು ಆದರ್ಶವಾದರೆ, ಆ ಆದರ್ಶ ಇಂದು ಈಡೇರಿಬಿಟ್ಟಿದೆಯಲ್ಲ? ದೊಡ್ಡ ಸಾಮಾಜಿಕ ಜಾಲಗಳಲ್ಲಿ ಇಬ್ಬರಿಗೆ ಒಂದೇ ಪುಟ ಕಾಣುವುದಿಲ್ಲ. ಯಾರು ಎಲ್ಲಿ ಎಷ್ಟು ಹೊತ್ತು ನಿಂತರು, ಏನನ್ನು ಒತ್ತಿದರು ಎಂಬುದನ್ನು ಗಮನಿಸಿ ಕ್ಷಣಕ್ಷಣಕ್ಕೂ ಹೊಸ ಜೋಡಣೆ ಹುಟ್ಟುತ್ತದೆ. ಸ್ಥಿರ ರೂಪವಿಲ್ಲ, ಕರ್ತೃವಿನ ಹಟವಿಲ್ಲ, ಎಲ್ಲವೂ ಓದುಗನಿಗೆ ತಕ್ಕಂತೆ. ನಾಗಾರ್ಜುನನ ಶಿಷ್ಯರು ಬಯಸಿದ್ದು ಇದನ್ನೇ ಅಲ್ಲವೇ? ಅಲ್ಲ. ತಪ್ಪಾಗಿ ಗ್ರಹಿಸಿದ ಶೂನ್ಯತೆ, ತಪ್ಪಾಗಿ ಹಿಡಿದ ಹಾವಿನಂತೆ ಹಿಡಿದವನನ್ನೇ ನಾಶಮಾಡುತ್ತದೆ ಎಂದು ಕಾರಿಕೆಯ ಅದೇ 24ನೆಯ ಪ್ರಕರಣ ಎಚ್ಚರಿಸಿದೆ. ಆ ಎಚ್ಚರಿಕೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಅನಂತ ಸ್ಕ್ರೋಲನ್ನು ತೆಗೆದುಕೊಳ್ಳಿ. 2006ರಲ್ಲಿ ಏಜಾ ರಾಸ್ಕಿನ್ ರೂಪಿಸಿದ ಈ ತಂತ್ರ ಬರುವ ಮುನ್ನ ಹುಡುಕಾಟದ ಫಲಿತಾಂಶವಾಗಲಿ ಸುದ್ದಿಯ ಪಟ್ಟಿಯಾಗಲಿ ಪುಟದ ಕೆಳಗೆ ಮುಗಿಯುತ್ತಿತ್ತು. ಮುಂದಿನ ಪುಟ ಎಂಬ ಕೊಂಡಿ ಅಲ್ಲಿರುತ್ತಿತ್ತು. ಅದನ್ನು ಒತ್ತಬೇಕೋ ಬೇಡವೋ ಎಂದು ತೀರ್ಮಾನಿಸುವ ಒಂದು ಕ್ಷಣ ಓದುಗನ ಪಾಲಿಗಿತ್ತು. ಆ ಕ್ಷಣವನ್ನು ತೊಡಕೆಂದು ಎಣಿಸಿ ತೆಗೆದುಹಾಕಲಾಯಿತು. ಅದರ ಪರಿಣಾಮದ ಬಗ್ಗೆ ರಾಸ್ಕಿನ್ ಮುಂದೆ ಬಹಿರಂಗವಾಗಿಯೇ ವಿಷಾದಪಟ್ಟಿದ್ದಾರೆ. ಬೌದ್ಧರ ಹನ್ನೆರಡು ಕೊಂಡಿಗಳ ಕಾರಣಸರಪಳಿಯಲ್ಲಿ ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ, ತೃಷ್ಣೆಯಿಂದ ಉಪಾದಾನ ಹುಟ್ಟುತ್ತವೆ. ಹಿತವೋ ಅಹಿತವೋ ಆದ ಅನುಭವ ಒಂದು ಹೆಜ್ಜೆ, ಅದು ಇನ್ನೂ ಬೇಕೆಂಬ ದಾಹ ಮುಂದಿನ ಹೆಜ್ಜೆ, ಬಿಡದೆ ಹಿಡಿಯುವುದು ಅದರ ಮುಂದಿನದು. ಧ್ಯಾನದ ಗುರುಗಳು ವೇದನೆಗೂ ತೃಷ್ಣೆಗೂ ನಡುವಿನ ಸಂದಿಗೆ ಬಹಳ ಬೆಲೆ ಕೊಟ್ಟಿದ್ದಾರೆ, ಏಕೆಂದರೆ ಸರಪಳಿಯನ್ನು ತುಂಡರಿಸಲು ಮನುಷ್ಯನಿಗೆ ಸಿಗುವ ಜಾಗ ಅದು. ಎಚ್ಚರವಾಗಿರಲು ಕಲಿಸುವುದೆಲ್ಲ ಅಲ್ಲಿಗಾಗಿಯೇ. ಪುಟದ ಕೊನೆ ಅಂಥದೊಂದು ಸಂದಿಯಾಗಿತ್ತು. ಯಾವ ಹೊಸ ವಸ್ತುವನ್ನೂ ಸೇರಿಸದೆ, ಬರೀ ಆ ಸಂದಿಯನ್ನು ಮುಚ್ಚಿ, ತಂತ್ರಜ್ಞಾನ ನಮ್ಮ ದಿನಗಳ ಆಕಾರವನ್ನೇ ಬದಲಿಸಿತು. ವಿನ್ಯಾಸ ನೀತಿಶಾಸ್ತ್ರದ ವಿಷಯವೋ ಅಲ್ಲವೋ ಎಂಬ ಅನುಮಾನ ಯಾರಿಗಾದರೂ ಇದ್ದರೆ ಈ ಒಂದು ಬದಲಾವಣೆಯನ್ನು ಗಮನಿಸಿದರೆ ಸಾಕು.

ಅಂದರೆ ವ್ಯತ್ಯಾಸವಿರುವುದು ಪುಟ ಓದುಗನನ್ನು ಅವಲಂಬಿಸಿದೆಯೇ ಎಂಬುದರಲ್ಲಲ್ಲ, ಓದುಗನ ಯಾವ ಅಂಶವನ್ನು ಅವಲಂಬಿಸಿದೆ ಎಂಬುದರಲ್ಲಿ. 1998ರ ನಿಯಮ ಓದುಗನ ಇಚ್ಛೆಯನ್ನು ಕೇಳಿತು: ನಿನಗೆ ಅಕ್ಷರ ಎಷ್ಟು ದೊಡ್ಡದಿರಬೇಕು, ಹೇಳು. ಇಂದಿನ ಜಾಲ ಅವನನ್ನು ಕೇಳುವುದಿಲ್ಲ, ಗಮನಿಸುತ್ತದೆ. ತಾನು ಕಂಡ ದೌರ್ಬಲ್ಯಕ್ಕೆ ತಕ್ಕಂತೆ ರೂಪ ಕೊಡುತ್ತದೆ. ಮೊದಲಿನದರಲ್ಲಿ ಷರತ್ತುಗಳು ಎದುರಿಗಿರುತ್ತವೆ, ಬದಲಿಸಬಹುದು. ಎರಡನೆಯದರಲ್ಲಿ ತನ್ನ ಮುಂದಿನ ಪುಟ ಯಾಕೆ ಹೀಗಿದೆ ಎಂಬುದು ಓದುಗನಿಗೆ ತಿಳಿಯುವಂತೆಯೇ ಇಲ್ಲ. ಅವಲಂಬಿಸಿ ಹುಟ್ಟುವುದನ್ನು ಕಾಣುವುದು ವಿದ್ಯೆಯಾದರೆ ಕಾಣದಂತೆ ಮರೆಮಾಡುವುದಕ್ಕೆ ಬೌದ್ಧರ ನಿಘಂಟಿನಲ್ಲಿ ಹೆಸರಿದೆ, ಸರಪಳಿಯ ಮೊದಲ ಕೊಂಡಿಯೇ ಅದು: ಅವಿದ್ಯೆ. ಓದುಗನ ಹಕ್ಕು ಕುಗ್ಗಿದ ಬೇರೆ ಗುರುತುಗಳೂ ಇವೆ. ಓದುಗ ತನ್ನದೇ ತೋರಿಕೆಯ ನಿಯಮ ಬರೆದಿಡುವ ಸೌಲಭ್ಯವನ್ನು ಕ್ರೋಮ್ ಬ್ರೌಸರ್ 2014ರಲ್ಲಿ ತೆಗೆದುಹಾಕಿತು. ಬಳಸುವವರು ಕಡಿಮೆ ಇದ್ದರೆಂಬುದು ನಿಜವೇ. ಆದರೆ ಕಡಿಮೆ ಜನ ಬಳಸುವ ಹಕ್ಕು ಹಲವು ಸಲ ಅದಿಲ್ಲದೆ ಆಗದವರ ಹಕ್ಕಾಗಿರುತ್ತದೆ. ಎದುರು ದಿಕ್ಕಿನ ಗಾಳಿಯೂ ಬೀಸಿದೆ ಎಂದು ಒಪ್ಪಬೇಕು. 2010ರಲ್ಲಿ ಸಫಾರಿ ತಂದ ಓದುವ ಕ್ರಮ ಸುತ್ತಲಿನ ಗದ್ದಲ ತೆಗೆದು ಬರಹವನ್ನಷ್ಟೇ ಮುಂದಿಡುತ್ತದೆ. ಪರದೆಯ ಮೇಲಿನ ಚಲನೆಯಿಂದ ತಲೆಸುತ್ತು ಬರುವವರಿಗಾಗಿ, ಚಲನೆ ಕಡಿಮೆಯಿರಲಿ ಎಂದು ಸಾಧನದಲ್ಲಿ ಒಮ್ಮೆ ಹೇಳಿದರೆ ಪುಟಗಳು ಅದನ್ನು ಕೇಳಿ ನಡೆಯುವ ವ್ಯವಸ್ಥೆ 2017ರಿಂದ ಬಂದಿದೆ. ಕತ್ತಲ ಬಣ್ಣದ ಆಯ್ಕೆಯೂ ಅದೇ ಬಗೆಯದು. ಇವು ಓದುಗ ಬಾಯಿಬಿಟ್ಟು ಹೇಳಿದ ಮಾತಿಗೆ ಪುಟ ಓಗೊಡುವ ರೀತಿಗಳು.

ಜನರೇ ಕೊನೆಯಿಲ್ಲದ ಪುಟವನ್ನು ಬಯಸುತ್ತಾರೆ, ಹಾಗಾಗಿಯೇ ಅದು ಗೆದ್ದಿತು ಎಂದು ಹೇಳುವವರಿದ್ದಾರೆ. ಜನ ಏನನ್ನು ಬಿಡಲಾರದೆ ಮಾಡುತ್ತಾರೋ ಅದನ್ನೇ ಬಯಸುತ್ತಾರೆ ಎಂದು ಒಪ್ಪಿದರೆ ಮಾತ್ರ ಈ ವಾದ ನಿಲ್ಲುತ್ತದೆ. ತೃಷ್ಣೆಯನ್ನೂ ಇಚ್ಛೆಯನ್ನೂ ಒಂದೇ ಎಂದು ಎಣಿಸಿದ ದರ್ಶನ ನಮ್ಮಲ್ಲಿ ಯಾವುದೂ ಉಳಿದು ಬಾಳಲಿಲ್ಲ. ಬೇರೆ ರೀತಿಯಲ್ಲಿ ದೊಡ್ಡ ತಾಣ ನಡೆಸುವುದು ಆಗದ ಮಾತು ಎಂಬ ಎರಡನೆಯ ವಾದಕ್ಕೆ ವಿಕಿಪೀಡಿಯವೇ ಉತ್ತರ. ಜಗತ್ತಿನಲ್ಲಿ ಅತಿ ಹೆಚ್ಚು ಜನ ಭೇಟಿ ಕೊಡುವ ತಾಣಗಳಲ್ಲಿ ಅದೊಂದು. 2003ರಿಂದ ಅದು ಕನ್ನಡದಲ್ಲೂ ಇದೆ. ಅದರ ಪ್ರತಿ ಲೇಖನ ಒಂದು ಕಡೆ ಮುಗಿಯುತ್ತದೆ. 2023ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯ ಹೊಸ ವಿನ್ಯಾಸ ತೊಟ್ಟು, ಓದಲು ಹಿತವಾಗಲೆಂದು ಸಾಲಿನ ಉದ್ದವನ್ನು ಮಿತಗೊಳಿಸಿದಾಗ ಹಳಬರು ಜೋರಾಗಿಯೇ ಪ್ರತಿಭಟಿಸಿದರು. ವಿನ್ಯಾಸಕಾರರ ಬಳಿ ಒಳ್ಳೆಯ ಕಾರಣಗಳಿದ್ದವು, ಪ್ರತಿಭಟಿಸಿದವರ ಬಳಿಯೂ ಇದ್ದ ಹಾಗೆ. ಕೊನೆಗೆ ಅಗಲ ಎಷ್ಟಿರಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು, ಬಣ್ಣ ಕತ್ತಲೋ ಬೆಳಕೋ ಎಂದು ಓದುಗನೇ ಆರಿಸುವ ಪಟ್ಟಿಯೊಂದು ಪುಟದ ಬದಿಯಲ್ಲಿ ಬಂತು. ಖಾತೆ ಇದ್ದವರು ಬೇಕಾದರೆ 2004ರ ಹಳೆಯ ತೋರಿಕೆಯನ್ನೇ ಇಂದಿಗೂ ಇಟ್ಟುಕೊಳ್ಳಬಹುದು. ಬರಹ ಎಲ್ಲರಿಗೂ ಒಂದೇ, ಮುಖ ಒಬ್ಬೊಬ್ಬರಿಗೆ ಒಂದೊಂದು, ಆ ಮುಖ ಯಾವುದಿರಬೇಕೆಂದು ಹೇಳಿದವನು ಓದುಗ. ಲಾಭಕ್ಕಾಗಿ ನಡೆಯದ ಸಂಸ್ಥೆಯಾದ್ದರಿಂದ ಅದಕ್ಕೆ ಇದು ಸಾಧ್ಯವಾಯಿತು ಎನ್ನುವವರು, ಲಾಭದ ಸಂಸ್ಥೆಗಳ ತಾಣಗಳಲ್ಲೂ ಇಂಥದೊಂದು ಪಟ್ಟಿಯನ್ನು ಇಡಲು ಇಂದು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ ಎಂಬುದಕ್ಕೆ ಮೊದಲು ಉತ್ತರ ಹೇಳಬೇಕಾಗುತ್ತದೆ.